ಮನಸ್ಸು ತಿಳಿಯಾದಾಗ ಮೈ ಏಕೆ ಭಾರವಾಗುತ್ತದೆ: ಬೈಪೋಲಾರ್ ಔಷಧಿಗಳು ಮತ್ತು ತೂಕ

ಉನ್ಮಾದ (ಮಿತಿಮೀರಿದ ಹುರುಪು) ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆ ಆರಂಭವಾಗಿ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅನೇಕ ಮನೆಗಳಲ್ಲಿ ಎರಡು ಬದಲಾವಣೆಗಳು ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ. ರಾತ್ರಿಯಿಡೀ ನಿದ್ರೆಯಿಲ್ಲದೆ ಓಡಾಡುತ್ತಿದ್ದ, ಕೈಗೆ ಸಿಕ್ಕ ಹಣವನ್ನೆಲ್ಲ ಖರ್ಚು ಮಾಡುತ್ತಿದ್ದ ಮಗನೋ ಮಗಳೋ ಈಗ ಹೊತ್ತಿಗೆ ಸರಿಯಾಗಿ ಮಲಗುತ್ತಾರೆ, ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರಿಸುತ್ತಾರೆ. ಅದೇ ಹೊತ್ತಿಗೆ ಅವರ ಹಳೆಯ ಬಟ್ಟೆಗಳು ಮೈಗೆ ಹಿಡಿಯದಂತಾಗಿರುತ್ತವೆ. ಮನೆಯ ಹಿರಿಯರು ಇದನ್ನು ಕಂಡು, ಅಂತೂ ಮೈಗೆ ಹತ್ತಿತಲ್ಲ ಎಂದು ಸಂತೋಷಪಡುವುದುಂಟು. ಕನ್ನಡಿಯ ಮುಂದೆ ನಿಂತವರ ಅನುಭವ ಬೇರೆ. ಹತ್ತು ಕಿಲೋ ಏರಿದ ಮೈಯನ್ನು ತನ್ನದೆಂದು ಒಪ್ಪಿಕೊಳ್ಳಲಾಗದೆ, ಯಾರಿಗೂ ಹೇಳದೆ ಮಾತ್ರೆಯನ್ನು ನಿಲ್ಲಿಸಿಬಿಡುವವರು ಕಡಿಮೆಯಿಲ್ಲ. ಕಾಯಿಲೆ ಮರುಕಳಿಸಿದಾಗಲೇ ಮನೆಯವರಿಗೆ ವಿಷಯ ತಿಳಿಯುತ್ತದೆ.

ಆದ್ದರಿಂದ ತೂಕದ ಪ್ರಶ್ನೆಯನ್ನು ಅಂದಚೆಂದದ ಪ್ರಶ್ನೆಯೆಂದು ಬದಿಗಿರಿಸುವುದು ತಪ್ಪು. ಬೈಪೋಲಾರ್ ಕಾಯಿಲೆ ಇರುವವರ ಆಯುಸ್ಸು ಸರಾಸರಿಯಲ್ಲಿ ಇತರರಿಗಿಂತ ಸುಮಾರು 10 ವರ್ಷಗಳಷ್ಟು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ, ಮತ್ತು ಆ ಅಕಾಲ ಮರಣಗಳಲ್ಲಿ ದೊಡ್ಡ ಪಾಲು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯದು. ಔಷಧಿಯನ್ನು ಬಿಡದೆ ತೂಕವನ್ನು ಹತೋಟಿಯಲ್ಲಿಡುವುದು ಸಾಧ್ಯವೇ ಎಂಬುದು ಇಲ್ಲಿನ ಪ್ರಶ್ನೆ. ಬಹುಮಟ್ಟಿಗೆ ಸಾಧ್ಯ, ಆದರೆ ಅದಕ್ಕೆ ತೂಕದ ಮಾತು ಮೊದಲ ಚೀಟಿ ಬರೆಯುವ ದಿನವೇ ಆರಂಭವಾಗಬೇಕು.

ಹಸಿವು ಎಲ್ಲಿಂದ ಬರುತ್ತದೆ

ಈ ತೂಕವನ್ನು ಬಾಯಿಚಪಲದ ಫಲವೆಂದು ಭಾವಿಸುವವರು ಔಷಧಿ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳಿಂದ ತೂಕಡಿಕೆ ಬರುವುದು ನಮಗೆಲ್ಲ ಗೊತ್ತು. ಮಿದುಳಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಜಾಗಗಳನ್ನು ಅವು ಮುಚ್ಚುವುದೇ ಅದಕ್ಕೆ ಕಾರಣ. ಆಂಟಿಸೈಕೋಟಿಕ್ ಎಂಬ ಗುಂಪಿಗೆ ಸೇರಿದ ಒಲಾಂಜಪಿನ್, ಕ್ಲೋಜಪಿನ್, ಕ್ವೆಟಿಯಾಪಿನ್ ಎಂಬ ಮನೋರೋಗದ ಔಷಧಿಗಳು ಅದೇ ಜಾಗಗಳನ್ನು ಬಲವಾಗಿ ಮುಚ್ಚುತ್ತವೆ, ಮತ್ತು ಹಿಸ್ಟಮಿನ್‌ನ ಆ ಸಂದೇಶ ನಿದ್ರೆಯ ಜೊತೆಗೆ ಹಸಿವನ್ನೂ ನಿಯಂತ್ರಿಸುವಂಥದ್ದು. ಇದರೊಂದಿಗೆ, ಊಟ ಸಾಕು ಎಂಬ ತೃಪ್ತಿಯ ಸೂಚನೆಯನ್ನು ರವಾನಿಸುವ ಸೆರೊಟೋನಿನ್‌ನ ಒಂದು ಬಗೆಯ ದ್ವಾರವನ್ನೂ ಅವುಗಳಲ್ಲಿ ಕೆಲವು ತಡೆಯುತ್ತವೆ. ಎರಡೂ ಸೇರಿದಾಗ, ಊಟ ಮುಗಿಸಿ ಅರ್ಧ ಗಂಟೆಯಾಗುವಷ್ಟರಲ್ಲಿ ಮತ್ತೆ ಅಡುಗೆಮನೆಯ ಡಬ್ಬ ತೆರೆಯುವಂತಾಗುತ್ತದೆ. ಸಿಹಿ ಮತ್ತು ಕರಿದ ತಿಂಡಿಯ ಮೇಲೆ ಹಿಂದೆಂದೂ ಇಲ್ಲದ ಆಸೆ ಹುಟ್ಟುತ್ತದೆ. ಆ ಹಸಿವು ನಿಜವಾದ ಹಸಿವೇ ಆಗಿರುತ್ತದೆ. ತಿನ್ನುವವರನ್ನು ಗದರಿಸುವ ಮುನ್ನ ಮನೆಯವರು ಇದನ್ನು ನೆನಪಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ತೂಕ ಹೆಚ್ಚು ಏರದಿದ್ದವರಲ್ಲಿಯೂ ಕೆಲವು ಔಷಧಿಗಳು ಇನ್ಸುಲಿನ್‌ನ ಕೆಲಸವನ್ನು ಕೆಡಿಸಿ ರಕ್ತದ ಸಕ್ಕರೆಯನ್ನು ಏರಿಸಬಲ್ಲವು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯು 2003ರಲ್ಲಿ ಆಂಟಿಸೈಕೋಟಿಕ್ ಗುಂಪಿನ ಹೊಸ ತಲೆಮಾರಿನ ಎಲ್ಲ ಔಷಧಿಗಳ ಮೇಲೂ ಮಧುಮೇಹದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಕೇಳಿದ್ದು ಇದೇ ಕಾರಣಕ್ಕೆ. ಹೀಗಾಗಿ ತೂಕದ ಯಂತ್ರದ ಮುಳ್ಳೊಂದನ್ನೇ ನಂಬಿ ಕೂರುವಂತಿಲ್ಲ.

ಲಿಥಿಯಂ ಕಥೆ ಬೇರೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಅದು ಉಪಯುಕ್ತವೆಂದು ಪ್ರಕಟಿಸಿದರು, ಇಂದಿಗೂ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಅದರ ಸ್ಥಾನ ಗಟ್ಟಿಯಾಗಿದೆ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ವಿಷಯದಲ್ಲಿ ಅದಕ್ಕಿರುವಷ್ಟು ಆಧಾರ ಬೇರೆ ಔಷಧಿಗಳಿಗಿಲ್ಲ. ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಬರುವ ಸೂಚನೆಯನ್ನು ಲಿಥಿಯಂ ದುರ್ಬಲಗೊಳಿಸುವುದರಿಂದ ಮೂತ್ರ ಹೆಚ್ಚುತ್ತದೆ, ಅದರ ಬೆನ್ನಿಗೇ ಬಾಯಾರಿಕೆಯೂ ಹೆಚ್ಚುತ್ತದೆ. ಆ ಬಾಯಾರಿಕೆಯನ್ನು ಏನು ಕುಡಿದು ತಣಿಸುತ್ತೇವೆ ಎಂಬಲ್ಲಿ ತೂಕದ ಗುಟ್ಟು ಅಡಗಿದೆ. 300 ಮಿಲಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಅದು 40 ಗ್ರಾಂ ಆಗುತ್ತದೆ. ಬಾಯಾರಿಕೆಗೆ ಜ್ಯೂಸು, ಸೋಡಾ, ಶರಬತ್ತು ಹಿಡಿದವರು ತಾವು ಒಂದು ತುತ್ತೂ ಹೆಚ್ಚು ಉಣ್ಣುತ್ತಿಲ್ಲವಲ್ಲ ಎಂದು ಅಚ್ಚರಿಪಡುತ್ತಲೇ ದಪ್ಪಗಾಗುತ್ತಾರೆ. ಲಿಥಿಯಂ ತೆಗೆದುಕೊಳ್ಳುವ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸವೂ ಮಂದವಾಗಿ, ಅದರಿಂದ ತೂಕ ಏರುವುದುಂಟು. ಇದು ರಕ್ತಪರೀಕ್ಷೆಯಿಂದ ಸುಲಭವಾಗಿ ಪತ್ತೆಯಾಗುವ, ಚಿಕಿತ್ಸೆ ಇರುವ ತೊಂದರೆಯಾದ್ದರಿಂದ, ಲಿಥಿಯಂ ಸೇವಿಸುವವರ ತೂಕ ವಿನಾಕಾರಣ ಏರಿದರೆ ಮೊದಲು ಥೈರಾಯ್ಡ್ ನೋಡಿಸುವುದು ಲೇಸು. ವ್ಯಾಲ್ಪ್ರೊಯೇಟ್ ಕೂಡ ತೂಕ ಏರಿಸುವ ಔಷಧಿಯೇ. ಯುವತಿಯರಲ್ಲಿ ಅದು ಮುಟ್ಟಿನ ಏರುಪೇರು ಮತ್ತು ಅಂಡಾಶಯದ ನೀರ್ಗುಳ್ಳೆಯ ಸಮಸ್ಯೆಯೊಂದಿಗೂ ತಳುಕು ಹಾಕಿಕೊಂಡಿದೆ, ಗರ್ಭದಲ್ಲಿರುವ ಮಗುವಿಗೆ ಅದರಿಂದಾಗುವ ಹಾನಿಯಂತೂ ಇನ್ನೂ ಗಂಭೀರವಾದ, ಬೇರೆಯೇ ಚರ್ಚೆ ಬೇಡುವ ವಿಷಯ.

ಕಾಯಿಲೆಯ ಪಾಲನ್ನೂ ಮರೆಯಬಾರದು. ಉನ್ಮಾದದ ದಿನಗಳಲ್ಲಿ ಊಟ ನಿದ್ರೆಗಳ ಪರಿವೆಯಿಲ್ಲದೆ ನಾಲ್ಕೈದು ಕಿಲೋ ಇಳಿದು ಆಸ್ಪತ್ರೆಗೆ ಬಂದವರ ತೂಕವನ್ನು ಅಂದು ಅಳೆದರೆ ಆ ಅಂಕಿ ಅವರ ಸಹಜ ತೂಕವಾಗಿರುವುದಿಲ್ಲ. ಆಮೇಲೆ ಏರಿದ್ದರಲ್ಲಿ ಒಂದು ಭಾಗ ಕಳೆದುಕೊಂಡದ್ದನ್ನು ಮರಳಿ ಪಡೆದದ್ದು. ಹಾಗೆಯೇ ಬೈಪೋಲಾರ್ ಖಿನ್ನತೆಯಲ್ಲಿ ಅನೇಕರು ಹಗಲೂ ಮಲಗುತ್ತಾರೆ, ಹೆಚ್ಚು ತಿನ್ನುತ್ತಾರೆ, ಹೊರಗೆ ಕಾಲಿಡುವುದಿಲ್ಲ. ಅಲ್ಲಿ ತೂಕ ಇಳಿಯಬೇಕಾದರೆ ಖಿನ್ನತೆ ಮೊದಲು ಇಳಿಯಬೇಕು.

ಔಷಧಿ ಬದಲಿಸಿದರೆ ಸಾಲದೇ

ಎಲ್ಲ ಔಷಧಿಗಳೂ ಒಂದೇ ಪ್ರಮಾಣದಲ್ಲಿ ತೂಕ ಏರಿಸುವುದಿಲ್ಲ. ಒಲಾಂಜಪಿನ್ ಮತ್ತು ಕ್ಲೋಜಪಿನ್ ಎಲ್ಲಕ್ಕಿಂತ ಮುಂದಿವೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ವ್ಯಾಲ್ಪ್ರೊಯೇಟ್ ನಡುವಿನವು. ಲಿಥಿಯಂ ಅವುಗಳಿಗಿಂತ ತುಸು ಸೌಮ್ಯ. ಅರಿಪಿಪ್ರಜೋಲ್, ಲುರಾಸಿಡೋನ್, ಜಿಪ್ರಾಸಿಡೋನ್ ಔಷಧಿಗಳಿಂದ ಹೆಚ್ಚಿನವರಲ್ಲಿ ಏರಿಕೆ ಅಲ್ಪ, ಲ್ಯಾಮೋಟ್ರಿಜಿನ್‌ನಿಂದ ಬಹುತೇಕ ಇಲ್ಲವೆನ್ನಬಹುದು. ಇಷ್ಟು ಓದಿದವರಿಗೆ, ಹಾಗಾದರೆ ಕೊನೆಯ ಸಾಲಿನ ಔಷಧಿಗಳನ್ನೇ ಎಲ್ಲರಿಗೂ ಏಕೆ ಕೊಡಬಾರದು ಎನ್ನಿಸುವುದು ಸಹಜ. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಪೂರ್ತಿ ಉತ್ತರ ಸಿಗಬೇಕು.

ಈ ಕಾಯಿಲೆಗೆ ಎರಡು ಮುಖಗಳಿವೆ, ಮತ್ತು ಒಂದೊಂದು ಔಷಧಿಯೂ ಒಂದೊಂದು ಮುಖದ ಮೇಲೆ ಹೆಚ್ಚು ಬಲ ತೋರುತ್ತದೆ. ಅರಿಪಿಪ್ರಜೋಲ್ ಉನ್ಮಾದವನ್ನು ಇಳಿಸುತ್ತದೆ, ಆದರೆ ಬೈಪೋಲಾರ್ ಖಿನ್ನತೆಯಲ್ಲಿ ಅದರ ಸಾಧನೆ ನಿರಾಶಾದಾಯಕ. ಲುರಾಸಿಡೋನ್ ಖಿನ್ನತೆಗೆ ಒದಗುತ್ತದೆ, ಉನ್ಮಾದದ ಚಿಕಿತ್ಸೆಗೆ ಒಪ್ಪಿಗೆ ಪಡೆದಿಲ್ಲ. ಲ್ಯಾಮೋಟ್ರಿಜಿನ್ ಮುಂದಿನ ಖಿನ್ನತೆಯನ್ನು ತಡೆಯಲು ಒಳ್ಳೆಯದಾದರೂ, ಗಂಭೀರವಾದ ಚರ್ಮದ ಅಲರ್ಜಿಯ ಭಯದಿಂದ ಅದನ್ನು ವಾರ ವಾರವೂ ಸ್ವಲ್ಪ ಸ್ವಲ್ಪವೇ ಏರಿಸಬೇಕಾಗುತ್ತದೆ. ವ್ಯಾಲ್ಪ್ರೊಯೇಟ್ ಜೊತೆಗಿದ್ದರೆ ಇನ್ನೂ ನಿಧಾನ, ಪ್ರಮಾಣವೂ ಅರ್ಧಕ್ಕೆ ಇಳಿಯಬೇಕು. ಮೂರು ದಿನ ನಿದ್ರೆಯಿಲ್ಲದೆ ಉರಿಯುತ್ತಿರುವ ಉನ್ಮಾದಕ್ಕೆ ಆರು ವಾರ ಕಾಯುವ ವ್ಯವಧಾನವಿರುವುದಿಲ್ಲ. ಅಂಥ ಹೊತ್ತಿನಲ್ಲಿ ವೈದ್ಯರು ಒಲಾಂಜಪಿನ್ ಬರೆದರೆ ಅದು ಅವರ ಅಲಕ್ಷ್ಯವಲ್ಲ, ಅದು ಬೇಗ ಕೆಲಸ ಮಾಡುತ್ತದೆ.

ಆದರೆ ತುರ್ತಿಗೆಂದು ಬಂದ ಔಷಧಿ ತುರ್ತು ಕಳೆದ ಮೇಲೂ ಅದೇ ಪ್ರಮಾಣದಲ್ಲಿ ವರ್ಷಗಟ್ಟಲೆ ಉಳಿದುಬಿಡುವುದನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಹಳೆಯ ಚೀಟಿಯನ್ನೇ ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ಮಾತ್ರೆ ತರುವ ಅಭ್ಯಾಸದಲ್ಲಿ ಇದು ನಮ್ಮಲ್ಲಿ ಬಹಳ ಆಗುತ್ತದೆ. ಆರು ತಿಂಗಳು ಸ್ಥಿರವಾಗಿದ್ದವರು ಮನೋವೈದ್ಯರ ಮುಂದೆ ಕುಳಿತು, ಈ ಮಾತ್ರೆ ಈಗಲೂ ಇಷ್ಟೇ ಬೇಕೇ, ಇದರ ಜಾಗದಲ್ಲಿ ತೂಕ ಏರಿಸದ ಮತ್ತೊಂದನ್ನು ನಿಧಾನವಾಗಿ ತರಬಹುದೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ತಿಳಿಯುವ ಹಕ್ಕನ್ನು ರೋಗಿಗೆ ಸ್ಪಷ್ಟವಾಗಿ ಕೊಟ್ಟಿದೆ. ಬದಲಾವಣೆ ಮಾಡುವುದಾದರೆ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸುವ ಕ್ರಮದಲ್ಲಿ, ನಾಲ್ಕಾರು ವಾರಗಳಲ್ಲಿ, ನಿದ್ರೆಯ ಗಂಟೆಗಳನ್ನು ಗಮನಿಸುತ್ತಲೇ ಮಾಡುತ್ತಾರೆ. ನಿದ್ರೆ ಕಡಿಮೆಯಾಗತೊಡಗಿದರೆ ಅದು ಮೊದಲ ಎಚ್ಚರಿಕೆ. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಮುಂದಿನ ಕೆಲವೇ ತಿಂಗಳುಗಳಲ್ಲಿ ಉನ್ಮಾದ ಮರಳುವ ಸಾಧ್ಯತೆ ಬಹಳ ಹೆಚ್ಚು ಎಂಬುದು ಚೆನ್ನಾಗಿ ದಾಖಲಾದ ಸಂಗತಿ. ತೂಕಕ್ಕಾಗಿ ತಾನಾಗಿಯೇ ಮಾತ್ರೆ ಬಿಡುವುದು ಏಕೆ ಕೂಡದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಅಳತೆ ಮತ್ತು ಮೊದಲ ತಿಂಗಳು

ತೂಕ ಅತಿ ವೇಗವಾಗಿ ಏರುವುದು ಮೊದಲ ವಾರಗಳಲ್ಲಿ ಮತ್ತು ತಿಂಗಳುಗಳಲ್ಲಿ. ಮೊದಲ ತಿಂಗಳಲ್ಲೇ ತನ್ನ ತೂಕದ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು 3 ಕಿಲೋ, ಏರಿದರೆ ಮುಂದೆ ಬಹಳ ಏರುವವರ ಗುಂಪಿಗೆ ಅವರು ಸೇರುತ್ತಾರೆಂದು ಎಣಿಸಬಹುದು. ಏರಿದ 15 ಕಿಲೋ ಇಳಿಸುವುದಕ್ಕಿಂತ ಏರುವ ಮೂರನೆಯ ಕಿಲೋವನ್ನು ಅಲ್ಲಿಗೇ ತಡೆಯುವುದು ಎಷ್ಟೋ ಸುಲಭ. ಅದಕ್ಕೇ ಔಷಧಿ ಆರಂಭಿಸುವ ದಿನ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಬ್ಬಿನಂಶ ಇಷ್ಟನ್ನೂ ಬರೆದಿಟ್ಟುಕೊಳ್ಳಬೇಕು. ಅಮೆರಿಕದ ಮಧುಮೇಹ ತಜ್ಞರ ಮತ್ತು ಮನೋವೈದ್ಯರ ಸಂಘಗಳು 2004ರಲ್ಲಿ ಕೂಡಿ ಹೇಳಿದ ಕ್ರಮದಲ್ಲಿ ತೂಕವನ್ನು 4, 8 ಮತ್ತು 12ನೆಯ ವಾರಗಳಲ್ಲಿ, ನಂತರ ಮೂರು ತಿಂಗಳಿಗೊಮ್ಮೆ ನೋಡಬೇಕು. ಸಕ್ಕರೆ ಮತ್ತು ರಕ್ತದೊತ್ತಡವನ್ನು 12ನೆಯ ವಾರ ನೋಡಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಮನೆಯಲ್ಲಿ ತೂಕದ ಯಂತ್ರವಿರುವವರು ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ ನೋಡಿಕೊಂಡರೆ ಸಾಕು. ದಿನವೂ ನೋಡಿ ಕೊರಗುವುದರಿಂದ ಪ್ರಯೋಜನವಿಲ್ಲ.

ನಮ್ಮ ಮೈಕಟ್ಟಿಗೆ ಪಾಶ್ಚಾತ್ಯರ ಗಡಿಗಳು ಹೊಂದುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುವುದರಿಂದ, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಇಲ್ಲಿ ಎಣಿಸುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ ಆ ಗಡಿಗಳು ಸುಮಾರು 59 ಮತ್ತು 64 ಕಿಲೋ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ದರ್ಜಿಯ ಟೇಪೊಂದಿದ್ದರೆ ಇದನ್ನು ಮನೆಯಲ್ಲೇ ಅಳೆಯಬಹುದು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ.

ಒಂದು ಕೊರತೆ ನನ್ನನ್ನು ಬಹಳ ಕಾಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುವ ಸಕ್ಕರೆ ಮತ್ತು ಬಿಪಿ ತಪಾಸಣೆ 30 ವರ್ಷ ದಾಟಿದವರನ್ನು ಉದ್ದೇಶಿಸಿದ್ದು. ಬೈಪೋಲಾರ್ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಹರೆಯದಲ್ಲಿ. ಔಷಧಿಯಿಂದ ಸಕ್ಕರೆ ಏರುತ್ತಿರುವ 22 ವರ್ಷದ ಹುಡುಗನನ್ನು ಈ ಜರಡಿ ಹಿಡಿಯುವುದೇ ಇಲ್ಲ. ಇಂಥವರು ತಮ್ಮ ಔಷಧಿಯ ಹೆಸರು ಹೇಳಿ, ತಾವೇ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.

ತಟ್ಟೆಯ ಮಾತು

ಮಾತ್ರೆ ಹೀಟು, ಚೆನ್ನಾಗಿ ತಿನ್ನು ಎಂಬ ಬುದ್ಧಿಮಾತನ್ನು ಕೇಳದ ರೋಗಿ ನಮ್ಮಲ್ಲಿ ವಿರಳ. ಪ್ರೀತಿಯಿಂದ ಬಂದ ಮಾತಾದರೂ, ಹಸಿವು ಹೆಚ್ಚಿಸುವ ಔಷಧಿಯ ಜೊತೆಗೆ ಇದು ಸೇರಿದಾಗ ಫಲ ವಿಪರೀತವಾಗುತ್ತದೆ. ಹಾಗೆಂದು ಉಪವಾಸ ಕೂರಿಸುವುದೂ ಉತ್ತರವಲ್ಲ. ಔಷಧಿಯ ಹಸಿವನ್ನು ಹತ್ತಿಕ್ಕಲಾಗದು. ಕಡಿಮೆ ಶಕ್ತಿಯ, ಹೆಚ್ಚು ಹೊತ್ತು ಹೊಟ್ಟೆಯಲ್ಲಿ ನಿಲ್ಲುವ ಆಹಾರದಿಂದ ಅದನ್ನು ತುಂಬಬೇಕು. ಇದಕ್ಕೆ ಬೇಕಾದದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿಕಾಳು, ಮೊಳಕೆ ಕಟ್ಟಿದ ಹೆಸರುಕಾಳು, ಕೋಸಂಬರಿ, ಬೆಣ್ಣೆ ತೆಗೆದ ಮಜ್ಜಿಗೆ, ಮೊಟ್ಟೆ, ಮೀನು. ಮುದ್ದೆಯೋ ರೊಟ್ಟಿಯೋ ಅನ್ನವೋ ಎಂಬ ವಾದಕ್ಕಿಂತ ಅದರ ಪ್ರಮಾಣವೇ ಮುಖ್ಯವೆಂದು ನನ್ನ ಅಭಿಪ್ರಾಯ. ರಾಗಿಯೆಂಬ ಒಂದೇ ಕಾರಣಕ್ಕೆ ಎರಡು ದೊಡ್ಡ ಮುದ್ದೆ ಉಂಡರೆ ತೂಕ ಇಳಿಯುವುದಿಲ್ಲ. ತಟ್ಟೆಯ ಅರ್ಧ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಇನ್ನು ಕಾಲು ಭಾಗ ಮುದ್ದೆ ಅಥವಾ ಅನ್ನ ಎಂದು ಕಣ್ಣಳತೆಯಲ್ಲಿ ಹಂಚಿಕೊಂಡರೆ ಲೆಕ್ಕದ ಪುಸ್ತಕ ಬೇಡ.

ತೊಂದರೆ ಇರುವುದು ಊಟಕ್ಕಿಂತ ಊಟಗಳ ನಡುವೆ. ಸಂಜೆಯ ಬೇಕರಿ ಬನ್ನು, ಖಾರಾ ಮಿಕ್ಸ್ಚರ್, ಕಾಫಿಯ ಜೊತೆಯ ಬಿಸ್ಕತ್ತು, ರಾತ್ರಿ ಹನ್ನೊಂದಕ್ಕೆ ಡಬ್ಬದಿಂದ ತೆಗೆದ ಚಕ್ಕುಲಿ, ಇವು ಗಮನಕ್ಕೇ ಬಾರದೆ ಒಳಸೇರುತ್ತವೆ. ಕ್ವೆಟಿಯಾಪಿನ್ ಅಥವಾ ಒಲಾಂಜಪಿನ್ ಅನ್ನು ರಾತ್ರಿ ನುಂಗಿದ ಮೇಲೆ ಹಸಿವು ಕೆರಳುವುದನ್ನು ಹಲವರು ವರ್ಣಿಸುತ್ತಾರೆ. ಅಂಥವರು ಊಟ, ಹಲ್ಲುಜ್ಜುವುದು ಎಲ್ಲ ಮುಗಿಸಿ ಹಾಸಿಗೆಗೆ ಹೋಗುವ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ, ಹಸಿವು ಏಳುವ ಮುನ್ನವೇ ನಿದ್ರೆ ಬಂದಿರುತ್ತದೆ. ಮನೆಯಲ್ಲಿ ಕರಿದ ತಿಂಡಿಯ ಡಬ್ಬವೇ ಇಲ್ಲದಂತೆ ಮಾಡುವುದು ಇನ್ನೂ ಒಳ್ಳೆಯ ಉಪಾಯ, ಆದರೆ ಅದಕ್ಕೆ ಇಡೀ ಮನೆ ಒಪ್ಪಬೇಕು. ಒಬ್ಬರ ಮುಂದೆ ಸೌತೆಕಾಯಿ ಇಟ್ಟು ಉಳಿದವರು ಬೋಂಡಾ ತಿನ್ನುವ ಮನೆಯಲ್ಲಿ ಯಾರ ಮನೋಬಲವೂ ನಿಲ್ಲಲಾರದು.

ಔಷಧಿಯ ಹೆಸರು ನೋಡದೆ ಆಹಾರಕ್ರಮ ಬದಲಿಸಿದರೆ ಅಪಾಯಗಳೂ ಇವೆ, ಈ ವಿಷಯವನ್ನು ತೂಕ ಇಳಿಸುವ ಸಲಹೆಗಾರರಲ್ಲಿ ಎಷ್ಟೋ ಮಂದಿ ಅರಿತಿರುವುದಿಲ್ಲ. ಮೊದಲನೆಯದು ಉಪ್ಪು. ಮೂತ್ರಪಿಂಡವು ಲಿಥಿಯಂ ಮತ್ತು ಸೋಡಿಯಂಗಳನ್ನು ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತದೆ. ದೇಹದಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದರೆ ಅದು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಚಿಕಿತ್ಸೆಗೆ ಬೇಕಾದ ಮಟ್ಟ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿ ಈಕ್ವಿವಲೆಂಟ್, 1.5 ದಾಟಿದರೆ ವಿಷದ ಲಕ್ಷಣಗಳು ಎದುರಾಗಬಹುದು. ಎರಡರ ನಡುವಿನ ಅಂತರ ಇಷ್ಟೇ. ಹೀಗಿರುವಾಗ ಲಿಥಿಯಂ ಸೇವಿಸುವವರು ಒಮ್ಮೆಲೇ ಉಪ್ಪು ಬಿಟ್ಟ ಪಥ್ಯ ಹಿಡಿಯುವುದು, ನೀರೂ ಮುಟ್ಟದೆ ಏಕಾದಶಿ ಅಥವಾ ರಂಜಾನ್ ಉಪವಾಸ ಮಾಡುವುದು, ಬೇಸಿಗೆಯ ಬಿಸಿಲಲ್ಲಿ ಬೆವರಿಳಿಸಿ ಓಡುವುದು ವೈದ್ಯರನ್ನು ಕೇಳದೆ ಮಾಡುವ ಕೆಲಸಗಳಲ್ಲ. ಕೈ ನಡುಕ ಹೆಚ್ಚಿದರೆ, ವಾಂತಿ ಭೇದಿಯಾದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆಂದು ಐಬುಪ್ರೊಫೇನ್ ಬಗೆಯ ಮಾತ್ರೆಗಳನ್ನು ನುಂಗುವುದರಿಂದಲೂ ಲಿಥಿಯಂ ಮಟ್ಟ ಏರುತ್ತದೆ, ಹೊಸದಾಗಿ ವ್ಯಾಯಾಮ ಆರಂಭಿಸಿದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕಾಫಿಯನ್ನು ಹಠಾತ್ತನೆ ಪೂರ್ತಿ ಬಿಡುವುದು ಕೂಡ ಲಿಥಿಯಂ ಮಟ್ಟವನ್ನು ಏರಿಸಬಲ್ಲದು. ಸಕ್ಕರೆಯನ್ನು ಬಿಡಿ, ಕಾಫಿ ಇದ್ದಷ್ಟೇ ಇರಲಿ.

ಎರಡನೆಯದು ಲುರಾಸಿಡೋನ್. ಈ ಮಾತ್ರೆಯನ್ನು ಕನಿಷ್ಠ 350 ಕ್ಯಾಲೊರಿಯಷ್ಟು ಊಟದ ಜೊತೆಗೆ ತೆಗೆದುಕೊಂಡರೆ ಮಾತ್ರ ಅದು ಸರಿಯಾಗಿ ರಕ್ತಕ್ಕೆ ಸೇರುತ್ತದೆ. ತೂಕ ಇಳಿಸಲೆಂದು ರಾತ್ರಿಯೂಟ ಬಿಟ್ಟು, ಖಾಲಿ ಹೊಟ್ಟೆಯಲ್ಲೋ ಒಂದು ಲೋಟ ಮಜ್ಜಿಗೆಯ ಜೊತೆಗೋ ಇದನ್ನು ನುಂಗುವವರು ತಾವು ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆಂದೇ ನಂಬಿರುತ್ತಾರೆ, ಆದರೆ ಅದರಲ್ಲಿ ದೊಡ್ಡ ಪಾಲು ದೇಹಕ್ಕೆ ಸೇರಿರುವುದಿಲ್ಲ.

ಮೂರನೆಯದು ಜಾಹೀರಾತಿನಲ್ಲಿ ಬರುವ ಪುಡಿಗಳು ಮತ್ತು ಮಾತ್ರೆಗಳು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯ ಹುಳಿಯನ್ನು ಮಲೆನಾಡು ಕರಾವಳಿಗಳ ಅಡುಗೆಯಲ್ಲಿ ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ, ಅದರಿಂದ ತೊಂದರೆಯಿಲ್ಲ. ಅದೇ ಹಣ್ಣಿನ ಸಿಪ್ಪೆಯ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ, ಮತ್ತು ಅದನ್ನು ಸೇವಿಸಿದವರಲ್ಲಿ ಉನ್ಮಾದ ತಲೆದೋರಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ವರದಿಯಾಗಿವೆ. ಹಸಿವು ಅಡಗಿಸುವ ಸಿಬುಟ್ರಮಿನ್ ಅನ್ನು ಹೃದಯಕ್ಕೆ ಹಾನಿಯೆಂಬ ಕಾರಣದಿಂದ ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಬೈಪೋಲಾರ್ ಕಾಯಿಲೆ ಇರುವವರು, ಗಿಡಮೂಲಿಕೆಯೆಂಬ ಹಣೆಪಟ್ಟಿ ಇದ್ದರೂ, ಮನೋವೈದ್ಯರಿಗೆ ತೋರಿಸದೆ ಇಂಥ ಯಾವುದನ್ನೂ ಬಾಯಿಗೆ ಹಾಕಬಾರದು.

ನಡಿಗೆ, ನಿದ್ರೆ

ವ್ಯಾಯಾಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಎಲ್ಲರಿಗೂ ಹೇಳುವ ಸಲಹೆ. ಈ ಕಾಯಿಲೆಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಹೊತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜಿಮ್‌ಗೆ ಹೋಗುವ ಸಂಕಲ್ಪ ಬೇರೆಯವರಿಗೆ ಒಳ್ಳೆಯದಿರಬಹುದು, ಆದರೆ ನಿದ್ರೆ ಕಡಿತಗೊಂಡರೆ ಉನ್ಮಾದ ಕೆರಳುವ ಸಾಧ್ಯತೆಯಿರುವವರಿಗೆ ಅದು ಸಲ್ಲದು. ರಾತ್ರಿಯ ಮಾತ್ರೆಯ ಜೊಂಪು ಬೆಳಿಗ್ಗೆ ಎಂಟರವರೆಗೂ ಇಳಿಯದವರು ಸಂಜೆ ನಡೆಯಲಿ. ಜೊಂಪು ಮಧ್ಯಾಹ್ನದವರೆಗೂ ಎಳೆದರೆ ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಲಿ. ಇದ್ದಕ್ಕಿದ್ದಂತೆ ದಿನಕ್ಕೆ ಮೂರು ಗಂಟೆ ಓಡುವ ಹುರುಪು ಬಂದು, ದಣಿವೇ ಕಾಣದಿದ್ದರೆ ಮನೆಯವರು ಅದನ್ನು ಶಿಸ್ತು ಎಂದು ಹೊಗಳುವ ಮೊದಲು ನಿದ್ರೆಯ ಗಂಟೆಗಳನ್ನು ಎಣಿಸಬೇಕು. ಖಿನ್ನತೆಯ ದಿನಗಳಲ್ಲಿ ಇದಕ್ಕೆ ತದ್ವಿರುದ್ಧ. ಗೇಟಿನವರೆಗೆ ಹೋಗಿ ಬಂದರೆ ಅದೇ ಆ ದಿನದ ನಡಿಗೆ.

ಇಷ್ಟೆಲ್ಲ ಮಾಡಿದರೆ ಎಷ್ಟು ಇಳಿದೀತು ಎಂದು ಕೇಳುವವರಿಗೆ ಪ್ರಾಮಾಣಿಕವಾದ ಉತ್ತರ ಬೇಕು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೈಪೋಲಾರ್, ಸ್ಕಿಜೋಫ್ರೀನಿಯಾ ಮುಂತಾದ ಗಂಭೀರ ಮಾನಸಿಕ ಕಾಯಿಲೆಗಳಿದ್ದ 291 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮದ ನಿರಂತರ ಮಾರ್ಗದರ್ಶನ ಪಡೆದವರು 18 ತಿಂಗಳ ಕೊನೆಯಲ್ಲಿ ಉಳಿದವರಿಗಿಂತ ಸರಾಸರಿ 3.2 ಕಿಲೋ ಹೆಚ್ಚು ಇಳಿದಿದ್ದರು. ಅಂಕಿ ಸಣ್ಣದೆನಿಸಬಹುದು. ಆದರೆ ಅವರಲ್ಲಿ ಬಹುತೇಕರು ತೂಕ ಏರಿಸುವ ಔಷಧಿಗಳನ್ನು ಸೇವಿಸುತ್ತಲೇ ಇಳಿದದ್ದು, ಆರಂಭದ ಉತ್ಸಾಹ ಕಳೆದ ಮೇಲೂ ಇಳಿಯುತ್ತಲೇ ಹೋದದ್ದು ಗಮನಾರ್ಹ. ನೂರಕ್ಕೆ ಐದರಷ್ಟು ತೂಕ ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡಗಳಲ್ಲಿ ಸುಧಾರಣೆ ಕಾಣುತ್ತದೆ. ಮದುವೆಗೆ ಮುಂಚಿನ ಫೋಟೋದ ಮೈಗೆ ಮರಳುವ ಗುರಿಯಿಟ್ಟುಕೊಂಡು ನಾಲ್ಕು ವಾರಕ್ಕೆ ಸೋತು ಕೂರುವುದಕ್ಕಿಂತ ಈ ಐದರ ಗುರಿ ಒಳ್ಳೆಯದು.

ತೂಕಕ್ಕೆಂದೇ ಮಾತ್ರೆ

ಇವು ಸಾಲದಾದಾಗ ಮನೋವೈದ್ಯರು ಮೊದಲು ಯೋಚಿಸುವುದು ಮಧುಮೇಹದ ಹಳೆಯ ಔಷಧಿ ಮೆಟ್‌ಫಾರ್ಮಿನ್ ಬಗ್ಗೆ. ಚೀನಾದಲ್ಲಿ ಔಷಧಿಯಿಂದ ತೂಕ ಏರಿದ 128 ಸ್ಕಿಜೋಫ್ರೀನಿಯಾ ರೋಗಿಗಳ ಮೇಲೆ 12 ವಾರ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ: ಔಷಧಿಯ ಅಂಶವಿಲ್ಲದ ಹುಸಿಮಾತ್ರೆ ಪಡೆದವರ ಬಿಎಂಐ 1.2 ಏರಿತು, ಆಹಾರ ಮತ್ತು ವ್ಯಾಯಾಮ ಮಾತ್ರ ಪಾಲಿಸಿದವರಲ್ಲಿ 0.5 ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ 1.2 ಇಳಿಯಿತು, ಎರಡನ್ನೂ ಪಡೆದವರಲ್ಲಿ 1.8 ಇಳಿಯಿತು. ಕಾಯಿಲೆ ಬೇರೆಯಾದರೂ ತೂಕ ಏರಿಸಿದ್ದು ಅದೇ ಗುಂಪಿನ ಔಷಧಿಗಳಾದ್ದರಿಂದ ಬೈಪೋಲಾರ್ ರೋಗಿಗಳಿಗೂ ಇದು ಪ್ರಸ್ತುತ. ಮೆಟ್‌ಫಾರ್ಮಿನ್ ಅಗ್ಗ, ಜನೌಷಧಿ ಕೇಂದ್ರಗಳಲ್ಲಿಯೂ ಸಿಗುತ್ತದೆ. ಆರಂಭದಲ್ಲಿ ಹೊಟ್ಟೆ ಕೆಡಬಹುದಾದ್ದರಿಂದ ಊಟದ ಜೊತೆಗೆ ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ. ಮೂತ್ರಪಿಂಡದ ಕೆಲಸವನ್ನು ಮೊದಲೇ ನೋಡಬೇಕು, ವರ್ಷಗಟ್ಟಲೆ ಸೇವಿಸುವವರು ಬಿ12 ಜೀವಸತ್ವವನ್ನು ಆಗಾಗ ನೋಡಿಸಬೇಕು, ಅದರಲ್ಲೂ ಸಸ್ಯಾಹಾರಿಗಳು. ಹತ್ತು ಕಿಲೋ ಏರುವವರೆಗೆ ಕಾದು ಮೆಟ್‌ಫಾರ್ಮಿನ್ ಕೊಡುವುದಕ್ಕಿಂತ, ತೂಕ ಏರಿಸುವ ಔಷಧಿಯನ್ನು ಆರಂಭಿಸುವ ಹೊತ್ತಿಗೇ ಅಥವಾ ಮೊದಲ ಏರಿಕೆ ಕಂಡಾಗಲೇ ಯೋಚಿಸಬೇಕೆಂಬ ಅಭಿಪ್ರಾಯ ಈಚೆಗೆ ಬಲವಾಗುತ್ತಿದೆ. ನನಗೂ ಅದೇ ಸರಿಯೆನಿಸುತ್ತದೆ.

ಟೋಪಿರಾಮೇಟ್ ಹಸಿವನ್ನು ತಗ್ಗಿಸುತ್ತದೆ, ಆದರೆ ಮಾತಿನ ನಡುವೆ ಪದ ಸಿಗದಂತಾಗುವುದು, ಮಂಕು, ಮೂತ್ರಪಿಂಡದ ಕಲ್ಲು ಅದರ ಜೊತೆಗೆ ಬರಬಹುದು, ಗರ್ಭಿಣಿಯರಿಗಂತೂ ಅದು ಒಳ್ಳೆಯದಲ್ಲ. ಒಲಾಂಜಪಿನ್‌ಗೆ ಸಮಿಡಾರ್ಫನ್ ಎಂಬುದನ್ನು ಬೆರೆಸಿ ತೂಕದ ಏರಿಕೆಯನ್ನು ಕಡಿಮೆ ಮಾಡುವ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ದೊರೆಯಿತು. ಈಗ ಎಲ್ಲೆಡೆ ಮಾತಾಗಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ತೂಕವನ್ನು ಬಹಳ ಇಳಿಸುತ್ತವೆ, ತೂಕ ಇಳಿಸಲೆಂದೇ 2025ರಿಂದ ಭಾರತದಲ್ಲಿಯೂ ಸಿಗುತ್ತಿವೆ. ಆದರೆ ಅವು ದುಬಾರಿ, ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ. ಲಿಥಿಯಂ ಸೇವಿಸುವವರಿಗೆ ಮತ್ತೊಂದು ಎಚ್ಚರಿಕೆಯೂ ಇದೆ: ಈ ಚುಚ್ಚುಮದ್ದಿನಿಂದ ವಾಂತಿಯಾಗಿ, ಊಟ ನೀರು ಸೇರದೆ ದೇಹ ಒಣಗಿದರೆ ಲಿಥಿಯಂ ಮಟ್ಟ ಏರಬಹುದು. ಚುಚ್ಚುಮದ್ದು ಬರೆಯುವ ವೈದ್ಯರಿಗೆ ಮನೋರೋಗದ ಔಷಧಿಯ ಹೆಸರನ್ನು ನಾಚಿಕೆಯಿಂದ ಮುಚ್ಚಿಡಬಾರದು.

ಈ ನಾಚಿಕೆಯೇ ಬಹಳ ಕಡೆ ಅಡ್ಡಿ. ಮದುವೆ ಮುಂಜಿಗಳಲ್ಲಿ ಎದುರಾದ ನೆಂಟರು, ಏನಮ್ಮ ಇಷ್ಟು ದಪ್ಪ ಆಗಿಬಿಟ್ಟಿದ್ದೀಯ ಎಂದು ಎಲ್ಲರ ಮುಂದೆ ಕೇಳುತ್ತಾರೆ, ಕಾರಣ ಹೇಳುವಂತಿಲ್ಲ. ಆ ಸಂಜೆಯೇ ಮಾತ್ರೆಯ ಮೇಲೆ ಸಿಟ್ಟು ಹುಟ್ಟುತ್ತದೆ. ಅಂಥ ಪ್ರಶ್ನೆಗೆ ಅಡ್ಡ ನಿಂತು, ಅವಳು ಆರೋಗ್ಯವಾಗಿದ್ದಾಳೆ ಎಂದು ಮಾತು ಮುಗಿಸುವ ಅಣ್ಣನೋ ಅತ್ತಿಗೆಯೋ ಪಕ್ಕದಲ್ಲಿದ್ದರೆ ಎಷ್ಟೋ ಸಮಾಧಾನ. ಮಾತ್ರೆ ಬಿಡಬೇಕೆನಿಸಿದ ರಾತ್ರಿ ಮಾತಾಡಲು ಯಾರೂ ಇಲ್ಲದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದವರು ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿ ತೂಕದ ಮಾತು ತೆಗೆಯಬಹುದು.

ವೈದ್ಯರ ಕೋಣೆಯಲ್ಲಿ ಸಿಗುವ ಹೊತ್ತು ಕಡಿಮೆ. ಆದ್ದರಿಂದ ಕೈಯಲ್ಲೊಂದು ಹಾಳೆ ಇರಲಿ: ಔಷಧಿ ಆರಂಭವಾದ ದಿನಾಂಕ, ಅಂದಿನ ತೂಕ, ಇಂದಿನ ತೂಕ, ಸೊಂಟದ ಅಳತೆ, ನಿದ್ರೆಯ ಗಂಟೆಗಳು, ತೆಗೆದುಕೊಳ್ಳುತ್ತಿರುವ ಬೇರೆ ಎಲ್ಲ ಮಾತ್ರೆಗಳು. ಲಿಥಿಯಂ ಸೇವಿಸುವವರು ಮತ್ತೊಂದು ಅನುಕೂಲವನ್ನು ಬಳಸಿಕೊಳ್ಳಬಹುದು. ಲಿಥಿಯಂ ಮಟ್ಟವನ್ನು ಹಿಂದಿನ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ನೋಡಬೇಕು, ಸಕ್ಕರೆ ಮತ್ತು ಕೊಬ್ಬಿನಂಶಕ್ಕೆ ಖಾಲಿ ಹೊಟ್ಟೆ ಬೇಕು. ರಾತ್ರಿ ಎಂಟೂವರೆಗೆ ಊಟ ಮುಗಿಸಿ ಒಂಬತ್ತಕ್ಕೆ ಮಾತ್ರೆ ತೆಗೆದುಕೊಂಡವರು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆಯನ್ನೂ ತಿಂಡಿಯನ್ನೂ ತೆಗೆದುಕೊಳ್ಳದೆ, ನೀರು ಮಾತ್ರ ಕುಡಿದು ಹೋದರೆ, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಸೇರಿ ಎಲ್ಲವೂ ಒಂದೇ ಸಲದ ರಕ್ತದಲ್ಲಿ ಮುಗಿಯುತ್ತವೆ. ತಿಂಡಿಯ ಡಬ್ಬವನ್ನೂ ಬೆಳಗಿನ ಮಾತ್ರೆಯನ್ನೂ ಚೀಲದಲ್ಲಿಟ್ಟುಕೊಂಡು ಹೊರಡಿ. ರಕ್ತ ಕೊಟ್ಟ ಕೂಡಲೇ ಎರಡನ್ನೂ ತೆಗೆದುಕೊಳ್ಳಬಹುದು.